ಟ್ಯಾಮ್ರಾನ್ 28-75 ಜಿ2 ಬೇಕೋ, ಸಿಗ್ಮಾ 28-70 ಬೇಕೋ: ಗ್ರಾನೈಟ್ ಚಪ್ಪಡಿ ಪರೀಕ್ಷೆ

ಎರಡೂ ಸೋನಿ ಫುಲ್-ಫ್ರೇಮ್ ಕ್ಯಾಮೆರಾಗೆ ಹಾಕುವ ಜೂಮ್ ಲೆನ್ಸ್ (28, 70 ಅನ್ನುವುದು ಮಿ.ಮೀ.ನಲ್ಲಿ ಫೋಕಲ್ ಲೆಂಗ್ತ್, ಕಡಿಮೆ ಆದಷ್ಟು ಹೆಚ್ಚು ಅಗಲ ಹಿಡಿಯುತ್ತೆ), ಎರಡೂ ಎಫ್/2.8 (ಬೆಳಕು ಬಿಡುವ ಕಿಂಡಿಯ ಅತಿ ದೊಡ್ಡ ಅಳತೆ), ಎರಡೂ 2021ರವು, ಎರಡಕ್ಕೂ 67 ಮಿ.ಮೀ. ಫಿಲ್ಟರ್. ಬೆಲೆಯಲ್ಲಿ ನಾನು ವಿಚಾರಿಸಿದಾಗ ಐದಾರು ಸಾವಿರದ ಅಂತರ ಇತ್ತು. ಕಲ್ಲಿನ ಫೋಟೋ ತೆಗೆದು ನೋಡಿ ಲೆನ್ಸ್ ಆರಿಸ್ತೀನಿ ಅಂದಾಗ ಚಿಕ್ಕಬಳ್ಳಾಪುರದ ಮದುವೆ ಫೋಟೋಗ್ರಾಫರ್‌ಗಳು ಯಾರೂ ಒಪ್ಪಲಿಲ್ಲ. ಯೂಟ್ಯೂಬ್ ನೋಡಿದರೆ ಸಾಕು ಅಂದರು. ಈಗ ಅವರಲ್ಲೇ ಕೆಲವರು ಇದೇ ವಿಧಾನ ಕೇಳಿ ಹೋಗುತ್ತಿದ್ದಾರೆ.

ಮೂಲೆಯವರೆಗೂ ಚಿತ್ರ ಸ್ಪಷ್ಟ ಬರುತ್ತದೋ ನೋಡಲು ಗೋಡೆಗೆ ಪೇಪರ್ ಅಂಟಿಸಿ ಫೋಟೋ ತೆಗೆಯುವ ಪರೀಕ್ಷೆ ಉಪಯೋಗಕ್ಕೆ ಬರಲ್ಲ. ಪೇಪರ್ ಉಬ್ಬುತ್ತೆ, ಗಾರೆ ಸಮ ಇರಲ್ಲ, ಒಂದು ಮೂಲೆ ಮಸುಕಾದರೆ ತಪ್ಪು ಲೆನ್ಸಿನದೋ ಗೋಡೆಯದೋ ಗೊತ್ತಾಗಲ್ಲ. ಗ್ರಾನೈಟ್ ಯಾರ್ಡಿನಲ್ಲಿ 9 ಅಡಿ ಅಗಲ, 6 ಅಡಿ ಎತ್ತರದ ಚಪ್ಪಡಿ ಸಿಗುತ್ತೆ, ಫೋಟೋ ಫ್ರೇಮಿನ ಹಾಗೇ ಸರಿಯಾಗಿ 3:2. ಪಾಲಿಶ್ ಬೇಡ, ಬೆಳಕು ಹೊಳೆಯುತ್ತೆ. ಫ್ಲೇಮ್ಡ್ ಫಿನಿಶ್ (ಬೆಂಕಿಯಿಂದ ಒರಟು ಮಾಡಿದ ಮೈ) ಆದರೆ ಕಪ್ಪು-ಬಿಳಿ ಕಾಳು ಮೂಲೆಯವರೆಗೂ ಒಂದೇ ಥರ ಕಾಣುತ್ತೆ. 28ರಲ್ಲಿ ಸುಮಾರು 2.1 ಮೀಟರ್, 70ರಲ್ಲಿ 5.3 ಮೀಟರ್ ದೂರ ನಿಂತರೆ ಚಪ್ಪಡಿ ಫ್ರೇಮ್ ತುಂಬುತ್ತೆ.

ಯಾರ್ಡಿನಲ್ಲಿ ಚಪ್ಪಡಿ ಹಿಂದಕ್ಕೆ ವಾಲಿರುತ್ತೆ. ಅದಕ್ಕೆ ಚಪ್ಪಡಿಯ ನಡುಮಧ್ಯೆ ಚಿಕ್ಕ ಕನ್ನಡಿ ಒತ್ತಿ ಹಿಡಿಸಿ, ವ್ಯೂಫೈಂಡರಿನ ಮಧ್ಯದಲ್ಲಿ ನಿಮ್ಮ ಲೆನ್ಸಿನದೇ ಪ್ರತಿಬಿಂಬ ಕಾಣುವವರೆಗೆ ಟ್ರೈಪಾಡ್ ಹೆಡ್ ತಿರುಗಿಸಿ. ಸೆನ್ಸರ್ ಕಲ್ಲಿಗೆ ಸಮಾನಾಂತರ ಆಯ್ತು. ಸ್ಟೆಡಿಶಾಟ್ (ಕ್ಯಾಮೆರಾದ ಅಲುಗಾಟ ತಡೆ) ಆಫ್, ಐಎಸ್ಒ 100, 2 ಸೆಕೆಂಡ್ ಟೈಮರ್. ಪ್ರತಿ ಸಲವೂ ಫೋಕಸ್ ದೂರಕ್ಕೆ ಒಯ್ದು ಮತ್ತೆ ಹಿಡಿಸಿ, ಐದು ಫ್ರೇಮಿನಲ್ಲಿ ಚೆನ್ನಾಗಿರುವುದನ್ನು ಮಾತ್ರ ಹೋಲಿಸಿ. ಒಂದೇ ಫ್ರೇಮ್ ನಂಬಿದರೆ ನೀವು ಅಳೆಯುವುದು ಆಟೋಫೋಕಸ್, ಗಾಜನ್ನಲ್ಲ.

ಮಧ್ಯಭಾಗದಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ ಅಂತಲೇ ಹೇಳಬೇಕು. 28ರಲ್ಲಿ ಎಫ್/2.8 ಇಟ್ಟಾಗ ಸಿಗ್ಮಾದ ಮೂಲೆ ಮೆದು, ಅಂದರೆ ಸ್ವಲ್ಪ ಮಸುಕು. ಡಿಸ್ಟಾರ್ಶನ್ (ನೇರ ಗೆರೆ ಬಾಗಿ ಕಾಣುವುದು) ಸರಿಪಡಿಸುವಾಗ ಸಾಫ್ಟ್‌ವೇರಿನ ಲೆನ್ಸ್ ಪ್ರೊಫೈಲ್ ಮೂಲೆಗಳನ್ನು ಎಳೆಯುತ್ತೆ, ಅದೂ ಒಂದು ಕಾರಣ. ಗ್ರೂಪ್ ಫೋಟೋದಲ್ಲಿ ಅಂಚಿಗೆ ನಿಂತ ಅಜ್ಜಿಯ ಮುಖ ಅಲ್ಲೇ ಬರುತ್ತೆ.

24 ಮಿ.ಮೀ.ಯಿಂದ ಶುರುವಾಗುವ ಲೆನ್ಸ್ ಇಲ್ಲದೆ ಛತ್ರದಲ್ಲಿ ಕೆಲಸ ಆಗಲ್ಲ ಅನ್ನುವ ವಾದಕ್ಕೆ ಲೆಕ್ಕವೇ ಉತ್ತರ. 6 ಮೀಟರ್ ಅಗಲದ ಸ್ಟೇಜ್ ಹಿಡಿಯಲು 24ಕ್ಕೆ 4 ಮೀಟರ್ ಬೇಕು, 28ಕ್ಕೆ ಸುಮಾರು 4.7. ಒಂದು ಹೆಜ್ಜೆ ಹಿಂದೆ ಸರಿದರೆ ಮುಗೀತು. ಹಳೇ ಮದುವೆಗಳ ಫೈಲುಗಳನ್ನು ಲೈಟ್‌ರೂಮ್ ಸಾಫ್ಟ್‌ವೇರಿನ ಮೆಟಾಡೇಟಾ ಫಿಲ್ಟರ್‌ನಲ್ಲಿ ಫೋಕಲ್ ಲೆಂಗ್ತ್ ಪ್ರಕಾರ ಜೋಡಿಸಿ ನೋಡಿದೆ. ಅರ್ಧಕ್ಕಿಂತ ಹೆಚ್ಚು 50ರಿಂದ 70ರೊಳಗೇ ಇದ್ದವು. ದುಡ್ಡು ಹಾಕುವ ಮೊದಲು ಎಲ್ಲರೂ ಇದೊಂದನ್ನು ನೋಡಲೇಬೇಕು.

ನನ್ನ ಆಯ್ಕೆ ಟ್ಯಾಮ್ರಾನ್, ಅದು ನಿರ್ಧಾರ ಆಗಿದ್ದು ಧೂಳಿನಿಂದ. ಎರಡೂ ಲೆನ್ಸ್ ಜೂಮ್ ಮಾಡಿದಾಗ ಮುಂದಕ್ಕೆ ಚಾಚಿ ಗಾಳಿ ಎಳೆದುಕೊಳ್ಳುತ್ತವೆ. ಸಿಗ್ಮಾಕ್ಕೆ ಧೂಳು ತಡೆಯುವ ಸೀಲ್ ಇರುವುದು ಮೌಂಟ್ (ಕ್ಯಾಮೆರಾಗೆ ಕೂರುವ ಜಾಗ) ಹತ್ತಿರ ಮಾತ್ರ, ಟ್ಯಾಮ್ರಾನ್‌ಗೆ ಒಳಗೂ ಹಲವು ಕಡೆ ಇದೆ. ಕೋಲಾರದ ಟೊಮೆಟೊ ಮಂಡಿ, ಕ್ವಾರಿ ರಸ್ತೆ ಅಂತ ಓಡಾಡುವವರಿಗೆ ಇದು ಸಣ್ಣ ವಿಷಯ ಅಲ್ಲ. ಬಿಚ್ಚಿ ಒರೆಸಲು ಒಮ್ಮೆಗೆ ನಾಲ್ಕೈದು ಸಾವಿರ ಹೋದರೆ ಬೆಲೆಯ ಅಂತರ ಬಹುತೇಕ ಅಲ್ಲಿಗೇ ತೀರುತ್ತೆ. ಬಾಡಿಗೆಗೆ ತಂದು ನೋಡಲು ಬೆಂಗಳೂರಿನಲ್ಲಿ ನಾನು ವಿಚಾರಿಸಿದಾಗ ದಿನಕ್ಕೆ ಒಂದೊಂದಕ್ಕೆ ಸಾವಿರದ ಆಸುಪಾಸು ಇತ್ತು. ಅದು ಖರ್ಚಲ್ಲ, ಉಳಿತಾಯ.

ಹತ್ತಿರದಿಂದ ತೆಗೆಯುವ ಇನ್ನೊಂದು ಪ್ರಯೋಗ ಶಿಡ್ಲಘಟ್ಟದ ರೇಷ್ಮೆಗೂಡಿನ ಮೇಲೆ. ಟ್ಯಾಮ್ರಾನ್ 28ರಲ್ಲಿ 18 ಸೆಂ.ಮೀ.ವರೆಗೆ ಹೋಗುತ್ತೆ, 1:2.7, ಅಂದರೆ ಫ್ರೇಮಿನ ಅಗಲಕ್ಕೆ ಸುಮಾರು 10 ಸೆಂ.ಮೀ. ಸಿಗ್ಮಾ 19 ಸೆಂ.ಮೀ., 1:3.3, ಅಗಲ 12ರ ಹತ್ತಿರ. ಉಂಗುರ, ತಾಳಿಗೆ ಟ್ಯಾಮ್ರಾನ್ ಸಾಕು. ಆದರೆ ಆ 18 ಸೆನ್ಸರಿನಿಂದ ಅಳೆದದ್ದು. ಮುಂದಿನ ಗಾಜಿಗೂ ಗೂಡಿಗೂ ನಡುವೆ ಉಳಿಯುವುದು ನಾಲ್ಕೈದು ಸೆಂ.ಮೀ. ಮಾತ್ರ, ಹುಡ್ (ಲೆನ್ಸಿನ ಮುಂದೆ ಹಾಕುವ ಮರೆ) ಬಿಚ್ಚದಿದ್ದರೆ ನೆರಳು ಬೀಳುತ್ತೆ. ಬೆಳಕು ಪಕ್ಕದಿಂದಲೇ ಬರಬೇಕು.

ಟ್ಯಾಮ್ರಾನ್‌ನಲ್ಲಿ ಎಎಫ್-ಎಂಎಫ್ ಸ್ವಿಚ್ (ಆಟೋಫೋಕಸ್‌ನಿಂದ ಕೈ ಫೋಕಸ್‌ಗೆ ಬದಲಿಸುವುದು) ಇಲ್ಲ, ಕ್ಯಾಮೆರಾದ ಬಟನ್ ಒಂದಕ್ಕೆ ಆ ಕೆಲಸ ಕೊಡಿ. ಸಿಗ್ಮಾದಲ್ಲಿ ಸ್ವಿಚ್ ಇದೆ, ತೂಕವೂ 470 ಗ್ರಾಂ, ಟ್ಯಾಮ್ರಾನ್ 540. ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಮೇಲೆ ವಿಡಿಯೋ ಮಾಡುವವರು, ಬೈಕಿನಲ್ಲಿ ದೇವರಾಯನದುರ್ಗ ಹತ್ತುವವರು ಸಿಗ್ಮಾ ತಗೊಳ್ಳಿ, ಧಾರಾಳವಾಗಿ.