ಮೆಮೊರಿ ರಿಪೇರಿಯ ಬಟನ್ ಒತ್ತುವ ಮುಂಚೆ ಏನು ಕಾಣಬೇಕು?

2025ರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ 6.15 ಆವೃತ್ತಿ ಬಂದಾಗ, ಮೆಮೊರಿ ಎರರ್‌ಗಳನ್ನು ನೋಡಿಕೊಳ್ಳುವ ಅದರ ಇಡಿಎಸಿ ಭಾಗಕ್ಕೆ ಮೆಮೊರಿ ರಿಪೇರಿಯ ಕಂಟ್ರೋಲ್‌ಗಳು ಸೇರಿದವು. ಕೆಟ್ಟ ಜಾಗದ ಬ್ಯಾಂಕ್ (ಮೆಮೊರಿ ಚಿಪ್‌ನ ಒಂದು ವಿಭಾಗ), ರೋ (ಅದರೊಳಗಿನ ಒಂದು ಸಾಲು) ಇತ್ಯಾದಿಗಳನ್ನು ಸಿಸ್‌ಎಫ್‌ಎಸ್‌ನ, ಅಂದರೆ ಕರ್ನಲ್ ತನ್ನ ಸೆಟ್ಟಿಂಗ್‌ಗಳನ್ನು ಫೈಲ್‌ಗಳಂತೆ ತೋರಿಸುವ ಜಾಗದ, ಪುಟ್ಟ ಫೈಲ್‌ಗಳಲ್ಲಿ ಬರೆಯಬೇಕು. ಆಮೇಲೆ ‘ರಿಪೇರ್’ ಅನ್ನುವ ಫೈಲ್‌ಗೆ 1 ಬರೆದರೆ ಕೆಲಸ ಶುರು. ಕರ್ನಲ್ ಬರೆಯುವವರಿಗೆ ಇಷ್ಟು ಸಾಕು. ರಾತ್ರಿ ಪಾಳಿಯಲ್ಲಿ ಸರ್ವರ್ ನೋಡಿಕೊಳ್ಳುವವರಿಗೆ ಖಂಡಿತ ಸಾಲದು. ಅವರಿಗೊಂದು ಸ್ಕ್ರೀನ್ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಪಾಳಿಯವರ ಪಕ್ಕದಲ್ಲಿ ಕೂತು ನೋಡಿದೆ. ಅವರು ಕೇಳುತ್ತಿದ್ದದ್ದು ಒಂದೇ: “ಇದನ್ನ ಒತ್ತಿದ್ರೆ ಏನಾಗುತ್ತೆ ಸರ್?” ಯಾಕೆಂದರೆ ‘ರಿಪೇರಿ’ ಅನ್ನುವ ಒಂದೇ ಹೆಸರಿನಡಿ ತೀರಾ ಬೇರೆ ಬೇರೆ ಕೆಲಸಗಳಿವೆ. ಸಾಫ್ಟ್ ಆಫ್‌ಲೈನ್ ಅಂದರೆ ಮೆಮೊರಿಯ 4 ಕೆಬಿಯ ಒಂದು ತುಣುಕಿನಲ್ಲಿ, ಅಂದರೆ ಒಂದು ಪೇಜ್‌ನಲ್ಲಿರುವುದನ್ನು ಬೇರೆ ಕಡೆಗೆ ಸಾಗಿಸಿ, ಆ ಪೇಜನ್ನು ಬಳಕೆಯಿಂದ ತೆಗೆಯುವುದು. ಯಾವ ಪ್ರೋಗ್ರಾಮೂ ಸಾಯುವುದಿಲ್ಲ. ಹಾರ್ಡ್ ಆಫ್‌ಲೈನ್‌ನಲ್ಲಿ ಆ ಪೇಜ್ ಬಳಸುತ್ತಿದ್ದ ಪ್ರೋಗ್ರಾಂ ಸಾಯಬಹುದು. ರೀಬೂಟ್ ಆದರೆ ಇವೆರಡೂ ಮರೆತುಹೋಗುತ್ತವೆ. ಪಿಪಿಆರ್ (ಪೋಸ್ಟ್ ಪ್ಯಾಕೇಜ್ ರಿಪೇರ್) ಇನ್ನೂ ಬೇರೆ. ಅಲ್ಲಿ ಚಿಪ್‌ನ ಒಳಗೇ ಕೆಟ್ಟ ರೋ ಬದಲು ಮೀಸಲು ರೋ ಜೋಡಿಸುತ್ತಾರೆ. ಸಾಫ್ಟ್ ಪಿಪಿಆರ್ ಪವರ್ ಹೋದರೆ ಅಳಿಸಿಹೋಗುತ್ತದೆ. ಹಾರ್ಡ್ ಪಿಪಿಆರ್ ಶಾಶ್ವತ. ಮಾಡಿದ ಮೇಲೆ ಹಿಂದಕ್ಕೆ ತರಲಾಗದು.

ಹಾಗಾಗಿ ಬಟನ್ ಮೇಲಿದ್ದ ‘ಸಾಫ್ಟ್’, ‘ಹಾರ್ಡ್’ ಎರಡನ್ನೂ ತೆಗೆದೆ. ಪೇಜ್‌ನ ‘ಹಾರ್ಡ್’ ಅಂದರೆ ಪ್ರೋಗ್ರಾಮಿಗೆ ಅಪಾಯ, ಪಿಪಿಆರ್‌ನ ‘ಹಾರ್ಡ್’ ಅಂದರೆ ಶಾಶ್ವತ. ನಿದ್ದೆಗಣ್ಣಲ್ಲಿ ಈ ವ್ಯತ್ಯಾಸ ಯಾರಿಗೆ ನೆನಪಿರುತ್ತೆ? ಅದರ ಬದಲು ಬಟನ್ ಮೇಲೆಯೇ ಪರಿಣಾಮ ಬರೆದೆ: ‘ಪೇಜ್ ತೆಗೆ, ಮುಂದಿನ ರೀಬೂಟ್‌ವರೆಗೆ’, ‘ರೋ ಬದಲಿಸು, ಶಾಶ್ವತವಾಗಿ’. ‘ಖಚಿತವೇ?’ ಎಂದು ಕೇಳುವ ಡಬ್ಬಿ ನನಗೆ ಬೇಡವಾಗಿತ್ತು. ಅದನ್ನು ಯಾರೂ ಓದುವುದಿಲ್ಲ, ಸುಮ್ನೆ ‘ಹೌದು’ ಒತ್ತುತ್ತಾರೆ.

ಅತಿ ಹೆಚ್ಚು ಸಮಯ ತಿಂದದ್ದು ಎರರ್ ಪಟ್ಟಿ. ಮೊದಲಿಂದ ಇದ್ದ ಪಟ್ಟಿಯಲ್ಲಿ ಒಂದೊಂದು ಸಾಲಿಗೆ ಒಂದೊಂದು ಫಿಸಿಕಲ್ ಅಡ್ರೆಸ್, ಅಂದರೆ ಸಿಸ್ಟಮ್ ಮೆಮೊರಿಯ ಜಾಗಕ್ಕೆ ಕೊಟ್ಟ ನಂಬರ್. ನೋಡಿದರೆ ಮೆಮೊರಿ ಎಲ್ಲೆಂದರಲ್ಲಿ ಕೆಟ್ಟಂತೆ ಕಾಣುತ್ತಿತ್ತು. ನಿಜದಲ್ಲಿ ಎಷ್ಟೋ ಸಲ ಕೆಟ್ಟಿರುವುದು ಒಂದೇ ರೋ. ವೇಗಕ್ಕೋಸ್ಕರ ಅಡ್ರೆಸ್‌ಗಳನ್ನು ಹಲವು ಚಾನೆಲ್‌ಗಳಿಗೆ, ಅಂದರೆ ಮೆಮೊರಿಗೆ ಹೋಗುವ ಬೇರೆ ಬೇರೆ ದಾರಿಗಳಿಗೆ, ಹಂಚಿರುತ್ತಾರೆ. ಹಾಗಾಗಿ ಚಿಪ್‌ನ ಒಂದು ರೋ ಆಪರೇಟಿಂಗ್ ಸಿಸ್ಟಮ್‌ನ ಕಣ್ಣಿಗೆ ಎಷ್ಟೋ ಪೇಜ್‌ಗಳಲ್ಲಿ ಚದುರಿ ಕಾಣುತ್ತದೆ. ಪಾಳಿಯವರು ಒಂದೊಂದೇ ಪೇಜ್ ತೆಗೆಯುತ್ತಾ ಹೋಗುತ್ತಿದ್ದರು. ಎರರ್ ಮಾತ್ರ ಪಕ್ಕದ ಪೇಜ್‌ನಲ್ಲಿ ಮತ್ತೆ ಬರುತ್ತಿತ್ತು. ಮಾಳಿಗೆಯ ಒಂದು ಹೆಂಚು ಒಡೆದದ್ದಕ್ಕೆ ಮನೆ ತುಂಬ ಪಾತ್ರೆ ಇಟ್ಟ ಹಾಗೆ.

ನಮ್ಮಲ್ಲಿದ್ದದ್ದು ಸಿಎಕ್ಸ್‌ಎಲ್ ಎಂಬ ಸಂಪರ್ಕದ ಮೂಲಕ ಸರ್ವರ್‌ಗೆ ಜೋಡಿಸುವ ಮೆಮೊರಿ. ಅದು ಕಳಿಸುವ ಎರರ್ ರೆಕಾರ್ಡ್‌ನಲ್ಲೇ ಚಾನೆಲ್, ರ್‍ಯಾಂಕ್ (ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಗುಂಪು), ಬ್ಯಾಂಕ್ ಗ್ರೂಪ್, ಬ್ಯಾಂಕ್, ರೋ ಬರುತ್ತವೆ. ಪಟ್ಟಿಯನ್ನು ಅವುಗಳ ಪ್ರಕಾರ ಗುಂಪು ಮಾಡಿದೆ. ಉದ್ದದ ಪಟ್ಟಿ ಹೋಗಿ ಒಂದೇ ಕಾರ್ಡ್ ಉಳಿಯಿತು: ಯಾವ ಸ್ಲಾಟ್, ಯಾವ ರೋ, ಕೊನೆಯ ಎರರ್ ಯಾವಾಗ ಬಂತು, ಎಷ್ಟು ಪೇಜ್‌ಗೆ ತಾಗಿದೆ. ಸ್ಲಾಟ್ ಹೆಸರು ಬೋರ್ಡ್ ಮೇಲೆ ಅಚ್ಚಾದಂತೆಯೇ ಇರಬೇಕು ಅಂತ ಹಟ ಹಿಡಿದೆ. ಕೊನೆಗೆ ಮಾಡ್ಯೂಲ್ ಕಿತ್ತು ಬದಲಿಸುವ ಕೈಗೆ ಬೇಕಾಗಿರುವುದು ಅದೇ ಅಲ್ವಾ? ಅಡ್ರೆಸ್ ಬೇಕಾದವರು ಕಾರ್ಡ್ ಬಿಡಿಸಿ ನೋಡಬಹುದು.

ರೋ ನಂಬರ್ ಟೈಪ್ ಮಾಡುವ ಖಾನೆಯನ್ನು ನಾನು ಕೊಡಲೇ ಇಲ್ಲ. ಕೆಲವು ಹಳಬರು ಕೇಳಿದರು. ಆದರೆ ಬೂಟ್‌ನಿಂದ ಬೂಟ್‌ಗೆ ಅಡ್ರೆಸ್ ಹಂಚಿಕೆ ಬದಲಾಗಬಹುದು. ನಿನ್ನೆಯ ಲಾಗ್‌ನಿಂದ ನಕಲು ಮಾಡಿದ ಅಡ್ರೆಸ್ ಇವತ್ತು ಬೇರೆಯೇ ಜಾಗವನ್ನು ತೋರಿಸಬಹುದು. ಮೆಮೊರಿ ಬಳಕೆಯಲ್ಲಿರುವಾಗ ಕರ್ನಲ್ ಕೂಡ ಈ ಬೂಟ್‌ನಲ್ಲಿ ಬಂದ ಎರರ್ ರೆಕಾರ್ಡ್‌ಗೆ ತಾಳೆಯಾದರೆ ಮಾತ್ರ ಸಿಎಕ್ಸ್‌ಎಲ್ ರಿಪೇರಿಗೆ ಒಪ್ಪುತ್ತದೆ. ಹಾಗಾಗಿ ಬಟನ್ ಎರರ್ ಕಾರ್ಡ್‌ನ ಒಳಗೇ ಇರುತ್ತದೆ. ಹಳೆಯ ಬೂಟ್‌ನ ಕಾರ್ಡ್‌ಗಳು ಓದಲಿಕ್ಕೆ ಮಾತ್ರ, ಅವುಗಳಲ್ಲಿ ಬಟನ್ ಇಲ್ಲ.

ರಿಪೇರಿ ನಡೆಯುವಾಗ ಡೇಟಾ ಉಳಿಯುತ್ತದೋ ಇಲ್ಲವೋ ಎಂದು ಹೇಳುವ ಫೈಲ್ ಕೂಡ ಸಿಸ್‌ಎಫ್‌ಎಸ್‌ನಲ್ಲಿದೆ. ಅದು ‘ಇಲ್ಲ’ ಅಂದರೆ ಬಟನ್ ಮಂಕಾಗುತ್ತದೆ. ಸುಮ್ನೆ ಮಂಕಾದರೆ ಜನ ಗೊಂದಲಕ್ಕೆ ಬೀಳುತ್ತಾರೆ. ಅದಕ್ಕೇ ಕೆಳಗೆ ಕಾರಣವನ್ನೂ ಬರೆದೆ: ‘ಮೊದಲು ಈ ಮೆಮೊರಿಯನ್ನು ಬಳಕೆಯಿಂದ ತೆಗೆಯಿರಿ’.

ಮೀಸಲು ರೋ ಇರುವುದು ಕೆಲವೇ ಕೆಲವು. ಡಿಡಿಆರ್4 ತಲೆಮಾರಿನ ಮೆಮೊರಿ ಚಿಪ್‌ನಲ್ಲಿ ಒಂದು ಬ್ಯಾಂಕ್ ಗ್ರೂಪ್‌ಗೆ ಒಂದೇ ರೋ ಎಂದುಕೊಂಡು ನಡೆಯಬೇಕು. ಅದಕ್ಕೇ ಶಾಶ್ವತ ರಿಪೇರಿಗಳ ಲೆಕ್ಕವನ್ನು ಸರ್ವರ್ ಹೆಸರಿನಲ್ಲಿ ಇಡದೆ ಮಾಡ್ಯೂಲ್‌ನ ಸೀರಿಯಲ್ ನಂಬರ್‌ಗೆ ಕಟ್ಟಿದೆ. ಮಾಡ್ಯೂಲ್ ಬೇರೆ ಸರ್ವರ್‌ಗೆ ಹೋದರೆ ಅದರ ಚರಿತ್ರೆಯೂ ಜೊತೆಗೆ ಹೋಗಬೇಕು.

ಎಲ್ಲವನ್ನೂ ಆಟೊಮ್ಯಾಟಿಕ್ ಮಾಡಿಬಿಡಿ ಅನ್ನುವ ಒತ್ತಾಯ ಜಾಸ್ತಿಯೇ ಇತ್ತು. ಲಿನಕ್ಸ್‌ನಲ್ಲಿ ಹಾರ್ಡ್‌ವೇರ್ ಎರರ್‌ಗಳನ್ನು ದಾಖಲಿಸುವ ರಾಸ್‌ಡೀಮನ್ ಎಂಬ ಪ್ರೋಗ್ರಾಂನಲ್ಲಿ ಈಗಾಗಲೇ ಅಂಥ ಏರ್ಪಾಡಿದೆ. ಅದರ ಮಾಮೂಲಿ ಸೆಟ್ಟಿಂಗ್‌ನಲ್ಲಿ 24 ಗಂಟೆಯಲ್ಲಿ ಒಂದೇ ಪೇಜ್‌ಗೆ 50 ಸರಿಪಡಿಸಬಹುದಾದ ಎರರ್ ಬಂದರೆ ಪೇಜ್ ತಾನಾಗಿ ಸಾಫ್ಟ್ ಆಫ್‌ಲೈನ್ ಆಗುತ್ತದೆ. ಅಷ್ಟಕ್ಕೆ ನಾನು ಒಪ್ಪಿದೆ. ಪ್ರೋಗ್ರಾಂಗೆ ತೊಂದರೆ ಇಲ್ಲ, ರೀಬೂಟ್ ಆದರೆ ಮೊದಲಿನ ಹಾಗೆ. ಶಾಶ್ವತ ರಿಪೇರಿಗೆ ಮಾತ್ರ ಒಬ್ಬ ಮನುಷ್ಯ ಕಾರ್ಡ್ ಓದಿ ತಾನೇ ಒತ್ತಬೇಕು, ಒತ್ತಿದವರ ಹೆಸರು ಆ ಮಾಡ್ಯೂಲ್‌ನ ಲೆಕ್ಕದಲ್ಲಿ ಉಳಿಯಬೇಕು ಎಂದು ಪಟ್ಟು ಹಿಡಿದೆ. ಈಗಲೂ ಹಾಗೇ ನಡೆಯುತ್ತಿದೆ.