ಹಳೆಯ ಮಾರುತಿ 800ರ ಸ್ಟೇರಿಂಗ್ ಸಡಿಲ: ದೋಷವನ್ನು ಹುಡುಕಿದ ಬಗೆ

ಸ್ಟೇರಿಂಗ್ ಸಡಿಲವಾಗಿದೆ ಎಂದೊಡನೆ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ, “ಸ್ಟೇರಿಂಗ್ ಬಾಕ್ಸ್ ಹೋಗಿದೆ ಸಾರ್, ಪೂರ್ತಿ ಬದಲಾಯಿಸಿಬಿಡೋಣ” ಎಂಬುದು. ನನ್ನ 2003ರ ಮಾರುತಿ 800ಕ್ಕೂ ಇದೇ ತೀರ್ಪು ಬಂದಿತ್ತು, ಅದೂ ಕಾರಿನ ಕೆಳಗೆ ಒಮ್ಮೆಯೂ ಬಗ್ಗಿ ನೋಡದೆ. ಕೈಯಲ್ಲಿ ಹಿಡಿಯುವ ಸ್ಟೇರಿಂಗಿನಿಂದ ರಸ್ತೆಗೆ ತಾಗುವ ಟೈರಿನವರೆಗೆ ಸ್ಟೇರಿಂಗಿನ ದಂಡವಾದ ಕಾಲಮ್, ಅದರ ತಳದ ಜಾಯಿಂಟ್, ಸ್ಟೇರಿಂಗಿನ ತಿರುವನ್ನು ಹಲ್ಲುಗಳ ಮೂಲಕ ಚಕ್ರಗಳ ಕಡೆಗೆ ಸಾಗಿಸುವ ಬಾಕ್ಸ್, ಬಾಕ್ಸನ್ನು ಹಿಡಿದಿರುವ ರಬ್ಬರ್ ಬುಷ್‌ಗಳು, ಬಾಕ್ಸನ್ನು ಚಕ್ರಗಳಿಗೆ ಜೋಡಿಸುವ ಸರಳುಗಳ ಒಳಗಿನ ಮತ್ತು ಹೊರಗಿನ ತುದಿಯ ಜಾಯಿಂಟುಗಳಾದ ಟೈ ರಾಡ್ ಎಂಡ್‌ಗಳು, ಬಾಲ್ ಜಾಯಿಂಟ್, ಬೇರಿಂಗ್ ಎಂದು ಇಷ್ಟೊಂದು ಕೊಂಡಿಗಳಿರುವಾಗ, ಅವುಗಳಲ್ಲೇ ಅತ್ಯಂತ ದುಬಾರಿಯಾದದ್ದನ್ನು ಕೇವಲ ಊಹೆಯ ಮೇಲೆ ಬದಲಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಬೆಂಗಳೂರಿನ ಬನಶಂಕರಿಯ ನಮ್ಮ ಮನೆಯ ಮುಂದೆಯೇ, ಅಕ್ಕನ ಮಗನನ್ನು ಸ್ಟೇರಿಂಗಿನ ಮುಂದೆ ಕೂರಿಸಿ, ಒಂದೊಂದೇ ಕೊಂಡಿಯನ್ನು ಪರೀಕ್ಷಿಸಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ದೂರು ಯಾವುದೆಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸ್ಟೇರಿಂಗ್ ಸ್ವಲ್ಪ ತಿರುಗಿದರೂ ಚಕ್ರ ತಿರುಗದಿರುವುದು ಒಂದು, ನೈಸ್ ರಸ್ತೆಯಂಥ ನೇರ ದಾರಿಯಲ್ಲಿ ವೇಗ ಹೆಚ್ಚಿದಂತೆ ಕಾರು ಅತ್ತಿತ್ತ ಅಲೆಯುವುದು ಇನ್ನೊಂದು, ಹಂಪ್ ದಾಟುವಾಗ ಕೆಳಗಿನಿಂದ ಟಕ್ ಎಂಬ ಸದ್ದು ಕೈಗೆ ತಾಗುವುದು ಮತ್ತೊಂದು. ಈ ಮೂರನ್ನೂ ಜನ ಸಡಿಲವೆಂದೇ ಕರೆಯುತ್ತಾರೆ, ಆದರೆ ಮೂರರ ಮೂಲವೂ ಒಂದೇ ಆಗಿರಬೇಕಿಲ್ಲ. ಗಾಳಿ ಕಡಿಮೆಯಿರುವ ಅಥವಾ ಎಡ-ಬಲ ಬೇರೆ ಬೇರೆ ಒತ್ತಡವಿರುವ ಟೈರುಗಳೇ ಕಾರನ್ನು ಅಲೆಸಬಲ್ಲವು. ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ, ಕೆಟ್ಟಿದ್ದರೂ ಹಾಗೆಯೇ. ಆದ್ದರಿಂದ ಸ್ಪ್ಯಾನರ್ ಮುಟ್ಟುವ ಮೊದಲು ನಾಲ್ಕೂ ಟೈರುಗಳಿಗೆ, ಅವು ತಣ್ಣಗಿರುವಾಗಲೇ, ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ಹಾಕಿಸಿ ಮತ್ತೆ ಓಡಿಸಿ ನೋಡಿದೆ. ಅಲೆದಾಟ ಕೊಂಚ ತಗ್ಗಿತು. ಸ್ಟೇರಿಂಗಿನ ಪ್ಲೇ, ಅಂದರೆ ಚಕ್ರ ಕದಲದೆ ಸ್ಟೇರಿಂಗ್ ಸುಮ್ಮನೆ ತಿರುಗುವ ಸಡಿಲ, ಮಾತ್ರ ಇದ್ದಷ್ಟೇ ಇತ್ತು.

ಆ ಪ್ಲೇ ಎಷ್ಟೆಂದು ಅಳೆಯಲು ವಿಶೇಷ ಉಪಕರಣವೇನೂ ಬೇಕಿಲ್ಲ. ಚಕ್ರಗಳನ್ನು ನೇರವಾಗಿಟ್ಟು ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಸ್ಟೇರಿಂಗಿನ ಅಂಚಿಗೆ ಒಂದು ತುಂಡು ಟೇಪ್ ಅಂಟಿಸಿ, ಅದರೆದುರು ಡ್ಯಾಶ್‌ಬೋರ್ಡಿಗೆ ತಾಗಿಸಿ ಒಂದು ಕಡ್ಡಿಯನ್ನು ನಿಲ್ಲಿಸಿದೆ. ಬೆರಳ ತುದಿಯಿಂದ ಸ್ಟೇರಿಂಗನ್ನು ಎಡಕ್ಕೆ, ಮುಂದಿನ ಚಕ್ರ ಇನ್ನೇನು ಕದಲುತ್ತದೆ ಎನ್ನುವವರೆಗೆ ತಿರುಗಿಸಿ ಒಂದು ಗೆರೆ, ಹಾಗೆಯೇ ಬಲಕ್ಕೆ ತಿರುಗಿಸಿ ಇನ್ನೊಂದು ಗೆರೆ. ದರ್ಜಿಗಳ ಟೇಪಿನಲ್ಲಿ ಅಳೆದಾಗ ಎರಡು ಗೆರೆಗಳ ನಡುವೆ ಸುಮಾರು 6 ಸೆಂಟಿಮೀಟರ್ ಇತ್ತು. ಈ ಬಗೆಯ ಕಾರಿಗೆ ತಯಾರಕರು ಒಪ್ಪುವುದು ಅಂಚಿನಲ್ಲಿ 30 ಮಿಲಿಮೀಟರಿನವರೆಗೆ ಮಾತ್ರ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಹೇಳುವುದು, ಪ್ಲೇ 30 ಡಿಗ್ರಿಯನ್ನು ಮೀರಬಾರದು ಎಂದು. 37 ಸೆಂಟಿಮೀಟರ್ ಅಗಲದ ಸ್ಟೇರಿಂಗಿನ ಅಂಚಿನಲ್ಲಿ 30 ಡಿಗ್ರಿಯೆಂದರೆ ಹತ್ತಿರ ಹತ್ತಿರ 10 ಸೆಂಟಿಮೀಟರ್! ಹದಿನೈದು ವರ್ಷ ತುಂಬಿದ ಕಾರಿನ ಆರ್.ಸಿ. ನವೀಕರಣಕ್ಕೆಂದು ಆರ್‌ಟಿಒ ಕಚೇರಿಯಲ್ಲಿ ತಪಾಸಣೆ ಮಾಡಿಸಿ ಪಾಸಾದವರು ಸ್ಟೇರಿಂಗ್ ಸರಿಯಿದೆ ಎಂದು ನಿಶ್ಚಿಂತರಾಗುವುದಕ್ಕೆ ಈ ಅಂತರವೂ ಕಾರಣವಿರಬಹುದು. ಅದೇ ನಿಯಮ ಸ್ಟೇರಿಂಗಿನ ಬಾಲ್ ಜಾಯಿಂಟುಗಳಿಗೆ ರಬ್ಬರ್ ಕವಚ ಇರಲೇಬೇಕೆಂದೂ ಹೇಳುತ್ತದೆ. ನನ್ನ ಕಾರಿನ ಮಟ್ಟಿಗೆ ಈ ಎರಡನೆಯ ಮಾತೇ ಹೆಚ್ಚು ಉಪಯೋಗಕ್ಕೆ ಬಂತು.

ಇನ್ನು ಹುಡುಕಾಟ. ಬಹಳ ಮಂದಿ ನೇರವಾಗಿ ಜ್ಯಾಕ್ ಹಾಕಿ ಚಕ್ರ ಅಲ್ಲಾಡಿಸಿ ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲ ಪರೀಕ್ಷೆ ಕಾರು ನೆಲದ ಮೇಲಿರುವಾಗಲೇ ಆಗಬೇಕು, ಏಕೆಂದರೆ ಚಕ್ರದ ಮೇಲೆ ಕಾರಿನ ಭಾರವಿದ್ದಾಗ ಟೈರು ರಸ್ತೆಯನ್ನು ಕಚ್ಚಿ ಹಿಡಿದಿರುತ್ತದೆ, ಆಗ ಸವೆದ ಕೊಂಡಿ ತಾನಾಗಿಯೇ ಬಯಲಾಗುತ್ತದೆ. ಸ್ಟೇರಿಂಗ್ ಲಾಕ್ ಬೀಳದಂತೆ ಕೀಲಿಯನ್ನು ಒಂದು ಹಂತ ತಿರುಗಿಸಿ, ಎಂಜಿನ್ ಆಫ್ ಇಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸಣ್ಣದಾಗಿ, ಒಂದೇ ಲಯದಲ್ಲಿ ಅಲುಗಿಸುತ್ತಿರಲು ಹುಡುಗನಿಗೆ ಹೇಳಿದೆ. ಪವರ್ ಸ್ಟೇರಿಂಗ್ ಇರುವ ಕಾರುಗಳಲ್ಲಿ ಈ ಪರೀಕ್ಷೆಯನ್ನು ಎಂಜಿನ್ ಚಾಲೂ ಇಟ್ಟು ಮಾಡಬೇಕಾಗುತ್ತದೆ. ನನ್ನದರಲ್ಲಿ ಆ ಸೌಕರ್ಯವಿಲ್ಲ.

ಒಂದು ಜಾಯಿಂಟಿನ ಎರಡೂ ಭಾಗಗಳನ್ನು ಒಟ್ಟಿಗೆ ಮುಟ್ಟುವಂತೆ ಬೆರಳಿಟ್ಟರೆ, ಎರಡೂ ಒಟ್ಟಿಗೇ ಚಲಿಸುತ್ತಿವೆಯೇ ಅಥವಾ ಒಂದು ಹೊರಟು ಇನ್ನೊಂದು ತಡವಾಗಿ ಹಿಂಬಾಲಿಸುತ್ತಿದೆಯೇ ಎಂಬುದು ಕಣ್ಣಿಗಿಂತ ಚೆನ್ನಾಗಿ ಬೆರಳಿಗೆ ತಿಳಿಯುತ್ತದೆ. ಮೊದಲು ಪೆಡಲುಗಳ ಬಳಿ ಕಾಲಮ್‌ನ ತಳದ ಜಾಯಿಂಟ್ ನೋಡಿದೆ. ಅಲ್ಲಿ ಶಾಫ್ಟನ್ನು ಬಿಗಿಹಿಡಿಯುವ ಬೋಲ್ಟ್ ಸಡಿಲಾಗಿದ್ದರೆ ಸ್ಟೇರಿಂಗ್ ಪೂರ್ತಿ ಕೈಬಿಡುವ ಅಪಾಯವಿರುವುದರಿಂದಲೂ, ನೋಡಲು ಖರ್ಚಿಲ್ಲದಿರುವುದರಿಂದಲೂ ಅದು ಮೊದಲಿಗೇ ಆಗಬೇಕಾದ ಕೆಲಸ. ಬೋಲ್ಟ್ ಬಿಗಿಯಾಗಿತ್ತು, ಶಾಫ್ಟಿನ ಮೇಲಿನ ಮತ್ತು ಕೆಳಗಿನ ಭಾಗಗಳು ಒಟ್ಟಿಗೇ ತಿರುಗುತ್ತಿದ್ದವು. ಸ್ಟೇರಿಂಗನ್ನು ಮೇಲಕ್ಕೂ ಕೆಳಕ್ಕೂ ಎತ್ತಿ ನೋಡಿದಾಗ ಅಲ್ಪ ಅಲುಗಾಟವಿತ್ತು. ಅದು ಕಾಲಮ್ ಬುಷ್ ಸವೆದದ್ದು, ಕೈಗೆ ಹಿತವೆನಿಸದಿದ್ದರೂ ಕಾರಿನ ದಿಕ್ಕಿಗೆ ಸಂಬಂಧಿಸಿದ್ದಲ್ಲ.

ನಂತರ ಎಂಜಿನ್ ಹಿಂಭಾಗದ ಬಾಕ್ಸ್. ಅದನ್ನು ಕಾರಿನ ಮೈಗೆ ಹಿಡಿದಿಡುವ ಕ್ಲಾಂಪಿನ ಮೇಲಿನಿಂದ ಬಾಕ್ಸಿನ ಮೈಮೇಲೆ ಹಾಯುವಂತೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದೆ. “ಮಾವ, ಇನ್ನೂ ಜೋರಾಗಿ ತಿರುಗಿಸಲಾ?” ಎಂದು ಹುಡುಗ ಕೇಳುವ ಹೊತ್ತಿಗೆ ಗೆರೆ ಎರಡು ತುಂಡಾಗಿ ಒಂದರ ಪಕ್ಕ ಒಂದು ಸರಿದಾಡುತ್ತಿರುವುದು ಟಾರ್ಚಿನ ಬೆಳಕಿನಲ್ಲಿ ಕಾಣುತ್ತಿತ್ತು. ಅಂದರೆ ಸ್ಟೇರಿಂಗ್ ತಿರುಗಿಸಿದ ಬಲದ ಒಂದು ಪಾಲು ಚಕ್ರವನ್ನು ತಿರುಗಿಸುವ ಬದಲು ಇಡೀ ಬಾಕ್ಸನ್ನೇ ಪಕ್ಕಕ್ಕೆ ದೂಡುತ್ತಿತ್ತು. ಬಾಕ್ಸ್ ಕೆಟ್ಟಿರಲಿಲ್ಲ, ಅದನ್ನು ಹಿಡಿದಿದ್ದ ರಬ್ಬರ್ ಬುಷ್‌ಗಳು ಎಣ್ಣೆ ಕುಡಿದು ಮೆತ್ತಗಾಗಿದ್ದವು. ಇಡೀ ಬಾಕ್ಸ್ ಬದಲಿಸಿ ಹಳೆಯ ಬುಷ್‌ಗಳನ್ನೇ ಮತ್ತೆ ಕೂರಿಸಿದ್ದರೆ ದೋಷ ಹಾಗೆಯೇ ಉಳಿಯುತ್ತಿತ್ತು.

ಆದರೆ ಗೆರೆ ಸರಿದಾಡುತ್ತಿದ್ದದ್ದು 6 ಸೆಂಟಿಮೀಟರ್ ಪ್ಲೇಗೆ ಸಾಲುವಷ್ಟಿರಲಿಲ್ಲ. ಒಂದು ದೋಷ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸದೆ ಕೊಂಡಿಯ ಕೊನೆಯವರೆಗೂ ಹೋಗಬೇಕಾದದ್ದು ಇದಕ್ಕೇ. ಒಳಗಿನ ಟೈ ರಾಡ್ ಜಾಯಿಂಟ್ ಮಡಿಕೆ ಮಡಿಕೆಯ ರಬ್ಬರ್ ಬೂಟಿನೊಳಗೆ ಅಡಗಿರುತ್ತದೆ. ಬೂಟನ್ನು ಅಮುಕಿ ಹಿಡಿದರೆ ಅದರ ಮೂಲಕವೇ ಸಡಿಲ ತಿಳಿಯುತ್ತದೆ. ಎರಡೂ ಬದಿ ಬಿಗಿಯಾಗಿದ್ದವು. ಹೊರಗಿನ ಎಂಡ್‌ಗಳಲ್ಲಿ ಬಲಗಡೆಯದು ಚೆನ್ನಾಗಿತ್ತು. ಎಡಗಡೆಯದರ ರಬ್ಬರ್ ಕವಚ ಹರಿದು, ಒಳಗಿನ ಗ್ರೀಸ್ ಮಳೆನೀರು ಮತ್ತು ಧೂಳಿನೊಡನೆ ಬೆರೆತು ಕಂದು ಕೆಸರಾಗಿತ್ತು. ಬೆರಳಿಟ್ಟಾಗ ಪ್ರತಿ ಅಲುಗಾಟಕ್ಕೂ ರಾಡ್ ಮೊದಲು ಹೊರಟು, ಟಕ್ ಎಂದ ಮೇಲಷ್ಟೇ ಚಕ್ರದ ಕಡೆಯ ತೋಳು ಕದಲುತ್ತಿತ್ತು. ನಮ್ಮ ರಸ್ತೆಗಳಲ್ಲಿ ನೀರು ನಿಲ್ಲುವುದೂ, ಡಾಂಬರು ಕಿತ್ತುಹೋಗುವುದೂ, ಚೇಂಬರಿನ ಮುಚ್ಚಳ ತಗ್ಗಿರುವುದೂ ಹೆಚ್ಚಾಗಿ ಎಡ ಅಂಚಿನಲ್ಲೇ ಆದ್ದರಿಂದ ಎಡಗಡೆಯದೇ ಮೊದಲು ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಇಷ್ಟಾದ ಮೇಲೆ ಜ್ಯಾಕ್. ಎರಡೂ ಚಕ್ರಗಳನ್ನು ಒಟ್ಟಿಗೆ ಎತ್ತಿದರೆ ಒಂದನ್ನು ಅಲುಗಿಸಿದಾಗ ಇನ್ನೊಂದೂ ಜೊತೆಗೆ ತಿರುಗಿ ಪರೀಕ್ಷೆ ಕೆಡುತ್ತದೆ. ಆದ್ದರಿಂದ ಒಂದು ಬದಿಯನ್ನಷ್ಟೇ ಎತ್ತಿ, ಜ್ಯಾಕನ್ನೇ ನಂಬದೆ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿದೆ. ಹೀಗೆ ಹಿಡಿದಾಗ ಸಡಿಲ ಕಂಡರೆ ಬೇರೊಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು: ಸಡಿಲ ಮಾಯವಾದರೆ ಚಕ್ರದ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್ ಅಥವಾ ಸಸ್ಪೆನ್ಷನ್ನಿನ ಬೇರೆ ಭಾಗ. ನನ್ನ ಕಾರಿನಲ್ಲಿ ಸಡಿಲ ಕಂಡದ್ದು ಎಡಚಕ್ರವನ್ನು ಪಕ್ಕಗಳಲ್ಲಿ ಹಿಡಿದು ಅಲುಗಿಸಿದಾಗ ಮಾತ್ರ, ಇದು ಟೈ ರಾಡ್ ಎಂಡ್ ಕಡೆಗೇ ಬೆರಳು ತೋರಿತು.

ಮಾರುತಿ 800ರ ತಯಾರಿಕೆ ನಿಂತದ್ದು 2014ರಲ್ಲಾದರೂ ಜೆ.ಸಿ. ರಸ್ತೆಯಲ್ಲಿ ಇಂಥ ಸವೆಯುವ ಭಾಗಗಳಿಗೆ ಬರವಿಲ್ಲ. ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ ಅಂಗಡಿಯಲ್ಲೇ ಮರೆ (ತಿರುಪಿನ ಸುತ್ತುಗೆರೆ) ಮತ್ತು ಉದ್ದವನ್ನು ಹೋಲಿಸಬೇಕು. ಹೊಸ ಎಂಡ್‌ನ ಗುಂಡುತಲೆ ಬಿಗಿಯಾಗಿ, ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ತಿರುಗಬೇಕು. ಅಂಗಡಿಯಲ್ಲೇ ಸಡಿಲವಾಗಿ ಜೋಲುವುದನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು.

ಬಿಚ್ಚುವಾಗ, ನಟ್ ತಾನಾಗಿ ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ ಮತ್ತು ನಟ್ ತೆಗೆದರೂ ಎಂಡಿನ ಟೇಪರ್, ಅಂದರೆ ತುದಿಯ ಕಡೆಗೆ ಕಿರಿದಾಗುವ ಭಾಗ, ಕಚ್ಚಿಕೊಂಡಿರುತ್ತದೆ. ಅದನ್ನು ಮರೆಯ ತುದಿಯ ಮೇಲೆ ಹೊಡೆದು ಬಿಡಿಸಲು ಹೋಗದೆ ಪುಲ್ಲರ್ ಬಳಸಿದೆ. ರಾಡಿನಿಂದ ಎಂಡನ್ನು ಬಿಚ್ಚುವಾಗ ಎಷ್ಟು ಸುತ್ತು ತಿರುಗಿತೆಂದು ಎಣಿಸಿಕೊಂಡು ಹೊಸದನ್ನೂ ಅಷ್ಟೇ ಸುತ್ತು ಹಾಕಿದರೆ, ಅಲೈನ್‌ಮೆಂಟ್ ಅಂಗಡಿಯವರೆಗೆ ಕಾರು ನೆಟ್ಟಗೆ ಹೋಗುತ್ತದೆ. ನಟ್ ಬಿಗಿ ಮಾಡಿದ ಮೇಲೆ ಪಿನ್ನಿನ ರಂಧ್ರ ಎದುರುಬದುರಾಗದಿದ್ದರೆ ಇನ್ನೂ ಸ್ವಲ್ಪ ಮುಂದಕ್ಕೇ ಬಿಗಿಯಬೇಕು, ಹಿಂದಕ್ಕೆ ಸಡಿಲಿಸಕೂಡದು. ಪಿನ್ ಹೊಸದೇ ಆಗಿರಬೇಕು. ಬುಷ್ ಬದಲಿಸುವುದು ಕೈ ಹೋಗದ ಜಾಗದ ತಾಳ್ಮೆಯ ಕೆಲಸ, ಅದಕ್ಕಿಂತ ಹೆಚ್ಚೇನಿಲ್ಲ.

ಎರಡೂ ಆದ ಮೇಲೆ ಮತ್ತೆ ಅಳೆದಾಗ ಪ್ಲೇ 2 ಸೆಂಟಿಮೀಟರಿನ ಆಸುಪಾಸಿಗೆ ಇಳಿದಿತ್ತು. ಉಳಿದಿರುವುದು ಬಾಕ್ಸಿನ ಹಲ್ಲುಗಳದ್ದೇ. ಅದನ್ನೂ ತೆಗೆಯಲು ಬಾಕ್ಸಿನ ಅಡ್ಜಸ್ಟಿಂಗ್ ಸ್ಕ್ರೂ ಒಂದಿಷ್ಟು ಬಿಗಿ ಮಾಡಿ ಎಂಬ ಸಲಹೆಯನ್ನು ನಾನು ಪಾಲಿಸಲಿಲ್ಲ. ಕಾರು ಬಹುಪಾಲು ನೇರವಾಗಿಯೇ ಓಡುವುದರಿಂದ ಹಲ್ಲುಗಳು ನಡುಭಾಗದಲ್ಲಿ ಹೆಚ್ಚು, ತುದಿಗಳಲ್ಲಿ ಕಡಿಮೆ ಸವೆದಿರುತ್ತವೆ. ನಡುವಿನ ಸಡಿಲವನ್ನು ನೋಡಿ ಬಿಗಿ ಮಾಡಿದರೆ ಪೂರ್ತಿ ತಿರುಗಿಸಿದಾಗ ಸ್ಟೇರಿಂಗ್ ಹಿಡಿದುಕೊಳ್ಳುತ್ತದೆ, ತಿರುವಿನ ನಂತರ ತಾನಾಗಿ ನೇರಕ್ಕೆ ಮರಳುವುದಿಲ್ಲ. ಆ ದೋಷ ಈ ಅಲ್ಪ ಪ್ಲೇಗಿಂತ ಅಪಾಯಕಾರಿ.

ಕೊನೆಗೆ ಅಲೈನ್‌ಮೆಂಟ್ ಮಾಡಿಸಿದೆ. ಅಲ್ಲಿ ಕಾರನ್ನು ಮೇಲೆತ್ತಿದಾಗ ಎಡಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ಲೋಯರ್ ಆರ್ಮ್ ಬುಷ್‌ನಲ್ಲಿ ಕೂದಲೆಳೆಯ ಬಿರುಕುಗಳು ಕಂಡವು. ರಬ್ಬರ್ ಇನ್ನೂ ಲೋಹದಿಂದ ಬಿಟ್ಟಿಲ್ಲವಾದ್ದರಿಂದ ಅದನ್ನು ಮುಂದಿನ ಸಲ ಹೊಸ ಟೈರು ಹಾಕಿಸುವಾಗ ಬದಲಿಸುತ್ತೇನೆ; ಆಗ ಹೇಗೂ ಅಲೈನ್‌ಮೆಂಟ್ ಮಾಡಿಸಲೇಬೇಕಾಗುತ್ತದೆ, ಎರಡು ಬಾರಿ ಹಣ ಕೊಡುವುದು ತಪ್ಪುತ್ತದೆ.