ನ್ಯೂಜಿಲೆಂಡ್‌ನಲ್ಲಿ ಕರು ಕೊಳ್ಳುವ ಮುನ್ನ

ಹ್ಯಾಮಿಲ್ಟನ್‌ ಹೊರಗೆ ನಾಲ್ಕು ಎಕರೆ ಕೊಂಡ ನಮ್ಮವರಿಗೆ ಬೇಲಿ ಮುಗಿಯುವಷ್ಟರಲ್ಲಿ ಕರುವಿನ ಆಸೆ ಹುಟ್ಟುತ್ತದೆ. ಹೋದ ತಿಂಗಳು ಹಾಸನದ ಹುಡುಗನೊಬ್ಬ, "ಅಣ್ಣಾ, ಕರುವಿನ ಕಿವಿಯಲ್ಲಿ ನಂಬರಿನ ಓಲೆ ಇದೆಯಲ್ಲ, ಇನ್ನೇನು ಬೇಕು?" ಎಂದು ಕೇಳಿದ. ನಾನೂ ಹೀಗೆಯೇ ಕೇಳಿ ಕೆಟ್ಟವನು.

2012ರ ಜುಲೈನಿಂದ ಇಲ್ಲಿ ದನಗಳಿಗೆ 'ನೇಟ್' ನೋಂದಣಿ ಕಡ್ಡಾಯ; ಯಾವ ದನ ಯಾರ ಬಳಿ ಇದೆ, ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಬರೆದಿಡುವ ಇಡೀ ದೇಶದ ಲೆಕ್ಕ ಅದು. ಮುದ್ದಿಗೆಂದು ಒಂದೇ ಹಸು ಸಾಕಿದರೂ ಬಿಡುಗಡೆಯಿಲ್ಲ. ಕುರಿ, ಮೇಕೆಗೆ ಈ ಕಾಟವಿಲ್ಲ.

ನನ್ನ ಕೊಟ್ಟಿಗೆಯ ಬಾಗಿಲ ಮೇಲೆ ಹಳೆಯ ಮಾಲೀಕ ಬಿಳಿ ಬಣ್ಣದಲ್ಲಿ ತನ್ನ ನೇಟ್ ಸಂಖ್ಯೆ ಬರೆದಿದ್ದ. ಜಮೀನಿನ ಜೊತೆ ಅದೂ ನನ್ನದಾಯಿತೆಂದುಕೊಂಡು, ಎರಡು ಜೆರ್ಸಿ ಕಡಸು ಮಾರಿದವನಿಗೆ ಅದನ್ನೇ ಓದಿ ಹೇಳಿದೆ. ಸಂಖ್ಯೆ ಜಮೀನಿನದಲ್ಲ, ಅಲ್ಲಿ ದನ ನೋಡಿಕೊಳ್ಳುವವರದು. ಜನ ಬದಲಾದರೆ ಹೊಸದು ಪಡೆಯಬೇಕು. ದನ ಬಂದ 48 ಗಂಟೆಯೊಳಗೆ ಕೊಟ್ಟವನೂ ದಾಖಲಿಸಬೇಕು, ತೆಗೆದುಕೊಂಡವನೂ ದಾಖಲಿಸಬೇಕು. ನಾನು ಎರಡರಲ್ಲೂ ತಪ್ಪಿದ್ದೆ. ಕಡಸುಗಳು ಗಬ್ಬವಾದ ಮೇಲೆ ಮಾರಲು ಹೋದರೆ, ಕೊಳ್ಳುವವನು ಓಲೆಗೆ ಯಂತ್ರ ಹಿಡಿದು ನೋಡಿ, "ಇವು ನಿನ್ನ ಲೆಕ್ಕದಲ್ಲಿಲ್ಲ" ಎಂದು ಲಾರಿಯನ್ನು ಹಿಂದಕ್ಕೆ ಕಳಿಸಿದ. ಎರಡು ಕಡೆಯ ಬಾಡಿಗೆ ಕೈಯಿಂದ ಹೋಯಿತು. ಲೆಕ್ಕ ಸರಿಯಾಗುವವರೆಗೆ ಒಣಹುಲ್ಲಿನ ಖರ್ಚು ಬೇರೆ.

ಅವನ ಮೇಲೆ ಸಿಟ್ಟು ಬಂದಿತ್ತು, ಈಗಿಲ್ಲ. 2017ರಲ್ಲಿ ಇಲ್ಲಿ 'ಮೈಕೋಪ್ಲಾಸ್ಮಾ ಬೋವಿಸ್' ರೋಗ ಕಾಣಿಸಿಕೊಂಡಾಗ ಯಾವ ದನ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಹುಡುಕಲು ಒದ್ದಾಡಿದರು. ಬಹಳ ರೈತರು ದಾಖಲಿಸಿಯೇ ಇರಲಿಲ್ಲ. ರೋಗದ ಬೇರು ಕೀಳಲು 1,80,000ಕ್ಕೂ ಹೆಚ್ಚು ದನಗಳನ್ನು ಕೊಂದರು. ಅದನ್ನು ಕಂಡವನು ಲೆಕ್ಕ ತಪ್ಪಿದ ಕಡಸನ್ನು ತನ್ನ ಹಿಂಡಿಗೆ ಸೇರಿಸಿಕೊಳ್ಳುತ್ತಾನೆಯೇ? ನಮ್ಮೂರಲ್ಲೂ ಹನ್ನೆರಡು ಅಂಕಿಯ ಹಳದಿ ಓಲೆ ಇದೆ. ಸಂತೆಯಲ್ಲಿ ಅದನ್ನು ಓದಿದವರನ್ನು ನಾನು ಕಂಡಿಲ್ಲ. ಈ ವಿಷಯದಲ್ಲಿ ಇಲ್ಲಿಯವರೇ ಮೇಲು.

ಹಾಲಿನ ವಿಷಯದಲ್ಲಿ ಮಾತ್ರ ನನ್ನ ಮತ ನಮ್ಮ ಸೊಸೈಟಿಗೆ. 1984ರಿಂದ ಇಲ್ಲಿ ಸರ್ಕಾರ ರೈತರ ಸಹಾಯಧನಗಳನ್ನು ಕಿತ್ತುಹಾಕಿತು; ಕರ್ನಾಟಕದಲ್ಲಿ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನವಿದೆ. ಕ್ಯಾನಿನಲ್ಲಿ ಎರಡು ಲೀಟರ್ ಹಿಡಿದುಕೊಂಡು ಹೋದ ಮುದುಕಿಯ ಹಾಲನ್ನೂ ಸೊಸೈಟಿ ಅಳೆದುಕೊಳ್ಳುತ್ತದೆ. ಇಲ್ಲಿ ಒಂದು ಹಸುವಿನ ಹಾಲಿಗಾಗಿ ಯಾವ ಟ್ಯಾಂಕರೂ ನಿಮ್ಮ ಗೇಟಿಗೆ ಬರುವುದಿಲ್ಲ.

ಹಾಗೆಂದು ಮಿಕ್ಕಿದ್ದನ್ನು ಕನ್ನಡ ಕೂಟದವರಿಗೆ ಮಾರಲು ಹೊರಡಬೇಡಿ. 2016ರ ಮಾರ್ಚ್‌ನಿಂದ ನೋಂದಾಯಿಸಿಕೊಳ್ಳದೆ ಹಸಿ ಹಾಲು ಮಾರುವಂತಿಲ್ಲ. ಹೆಪ್ಪು ಹಾಕಿ, ಮನೆಯವರೇ ಉಣ್ಣಿ.